ಒಪ್ಪಿಗೆ ಕೊಟ್ಟ ಮೇಲೂ ಉಳಿಯುವ ಹಕ್ಕು

ಪ್ರಶ್ನೆ: ತೂಕ, ನಿದ್ದೆ, ರಕ್ತದೊತ್ತಡಗಳ ಲೆಕ್ಕ ಇಡುವ ಆ್ಯಪ್ ಒಂದನ್ನು ಕೆಲವು ತಿಂಗಳು ಬಳಸಿದೆ. ಸೇರುವಾಗ ಷರತ್ತುಗಳನ್ನು ಓದದೆಯೇ ‘ಒಪ್ಪಿದ್ದೇನೆ’ ಎಂಬುದನ್ನು ಒತ್ತಿದ್ದೆ. ಈಗ ನನ್ನ ಆರೋಗ್ಯದ ಸ್ಥಿತಿ ಮೊದಲೇ ಗೊತ್ತಿರುವವರಂತೆ ಮಾತನಾಡುವ ವಿಮಾ ಮಾರಾಟಗಾರರಿಂದ ಕರೆಗಳು ಬರುತ್ತಿವೆ. ಒಪ್ಪಿಗೆ ಕೊಟ್ಟವಳು ನಾನೇ ಆದ್ದರಿಂದ ಕಾನೂನು ನನ್ನ ಪಾಲಿಗೆ ಏನಾದರೂ ಮಾಡೀತೇ? ಖಾಸಗಿತನದ ಕಾನೂನು ನಿಜವಾಗಿ ರಕ್ಷಿಸುವುದು ಏನನ್ನು?

ಉತ್ತರ: ಒಪ್ಪಿಗೆ ಕೊಟ್ಟ ಮೇಲೂ ನಿಮ್ಮ ಹಕ್ಕುಗಳು ಉಳಿದಿರುತ್ತವೆ. ಆ ಆ್ಯಪ್ ನಡೆಸುವ ಸಂಸ್ಥೆಯೇ ನಿಮ್ಮ ಮಾಹಿತಿಯನ್ನು ವಿಮಾ ಮಾರಾಟಗಾರರಿಗೆ ದಾಟಿಸಿದ್ದರೆ, ಇಂಥ ಕಾನೂನು ಜಾರಿಯಲ್ಲಿರುವ ಬಹುತೇಕ ದೇಶಗಳಲ್ಲಿ ಅದು ಜವಾಬು ಹೇಳಬೇಕಾಗುತ್ತದೆ. ನೀವು ಯಾವ ದೇಶದಿಂದ ಬರೆದಿದ್ದೀರೆಂದು ತಿಳಿಸಿಲ್ಲವಾದ್ದರಿಂದ, ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಆಗಿರುವ ತತ್ತ್ವಗಳನ್ನು ಮುಖ್ಯವಾಗಿ ಹಿಡಿದುಕೊಂಡು, ಭಾರತ, ಯುರೋಪು ಮತ್ತು ಅಮೆರಿಕದ ಕಾನೂನುಗಳು ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ಅಲ್ಲಲ್ಲಿ ಹೇಳುತ್ತೇನೆ.

ನಿಮ್ಮ ಪ್ರಶ್ನೆಯಲ್ಲಿ ‘ಕೊಟ್ಟವಳು ನಾನೇ’ ಎಂಬ ಅಳುಕೊಂದಿದೆ, ಮತ್ತು ಇದು ನಿಮ್ಮೊಬ್ಬರದಲ್ಲ. ಮಾಹಿತಿಯನ್ನು ನಾವು ಮಾರಿದ ವಸ್ತುವಿನಂತೆ ಭಾವಿಸುತ್ತೇವೆ: ಕೈದಾಟಿದ ಮೇಲೆ ಕೊಂಡವನು ಅದನ್ನು ಏನು ಮಾಡಿದರೂ ಕೇಳುವ ಹಾಗಿಲ್ಲವೆಂದು. ಖಾಸಗಿತನದ ಕಾನೂನು ಈ ಭಾವನೆಯನ್ನು ಒಪ್ಪುವುದಿಲ್ಲ. ಅದರ ದೃಷ್ಟಿಯಲ್ಲಿ ನಿಮ್ಮ ಮಾಹಿತಿಯನ್ನು ಪಡೆದವನ ಸ್ಥಾನವು ಒಂದು ಗೊತ್ತಾದ ಕೆಲಸಕ್ಕಾಗಿ ಪರರ ಒಡವೆಯನ್ನು ಕೈಯಲ್ಲಿರಿಸಿಕೊಂಡವನ ಸ್ಥಾನಕ್ಕೆ ಹತ್ತಿರವಾದುದು. ಆ ಕೆಲಸಕ್ಕೆ ಮಾತ್ರ ಅದನ್ನು ಬಳಸಬೇಕು, ಜೋಪಾನ ಮಾಡಬೇಕು, ಕೆಲಸ ಮುಗಿದ ಮೇಲೆ ಬಿಟ್ಟುಕೊಡಬೇಕು, ಕೇಳಿದಾಗ ಲೆಕ್ಕ ಒಪ್ಪಿಸಬೇಕು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಇಂಥ ಸಂಸ್ಥೆಗೆ ಇಟ್ಟಿರುವ ಹೆಸರೇ ‘ದತ್ತಾಂಶ ವಿಶ್ವಸ್ತ’ ಎಂಬರ್ಥದ್ದು. ಆ ಹೆಸರಿನ ಆಯ್ಕೆ ನನಗೆ ಸರಿಯೆನಿಸುತ್ತದೆ, ಏಕೆಂದರೆ ಇಡೀ ಕಾನೂನಿನ ತಿರುಳು ಆ ಒಂದು ಪದದಲ್ಲಿದೆ.

ಈ ತಿಳುವಳಿಕೆ ಒಮ್ಮೆಗೇ ಬಂದುದಲ್ಲ. 1890ರಲ್ಲಿ ಅಮೆರಿಕದ ಇಬ್ಬರು ವಕೀಲರು, ಸ್ಯಾಮ್ಯುಯೆಲ್ ವಾರೆನ್ ಮತ್ತು ಲೂಯಿ ಬ್ರಾಂಡೈಸ್, ಖಾಸಗಿತನವೆಂಬುದು ಪ್ರತ್ಯೇಕವಾದ ಒಂದು ಹಕ್ಕೆಂದು ವಾದಿಸಿ ಬರೆದಾಗ ಅವರ ಕಣ್ಣ ಮುಂದಿದ್ದುದು ಕ್ಷಣಮಾತ್ರದಲ್ಲಿ ಚಿತ್ರ ತೆಗೆಯುವ ಕ್ಯಾಮೆರಾಗಳು ಮತ್ತು ಮನೆಯೊಳಗಿನ ಮಾತನ್ನು ಬೀದಿಗೆ ತರುವ ಪತ್ರಿಕೆಗಳು. ಅವರಿಗೆ ಬೇಕಾಗಿದ್ದುದು ಒಂದು ಗೋಡೆ: ಯಾರೂ ಒಳಗೆ ಇಣುಕಬಾರದು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 12ನೇ ವಿಧಿಯೂ ಮನೆ, ಕುಟುಂಬ, ಪತ್ರವ್ಯವಹಾರಗಳಲ್ಲಿ ಮನಬಂದಂತೆ ಹಸ್ತಕ್ಷೇಪ ಮಾಡಕೂಡದೆಂದು ಹೇಳುತ್ತದೆ. ಆದರೆ ಸರ್ಕಾರಿ ಕಡತಗಳು ಗಣಕಯಂತ್ರಗಳಿಗೆ ಏರತೊಡಗಿದ ಮೇಲೆ ಗೋಡೆಯೊಂದರಿಂದಲೇ ಕೆಲಸವಾಗದೆಂಬುದು ಸ್ಪಷ್ಟವಾಯಿತು, ಏಕೆಂದರೆ ಅಲ್ಲಿ ಯಾರೂ ಇಣುಕುತ್ತಿರಲಿಲ್ಲ. ತೆರಿಗೆಗೆ, ಚಿಕಿತ್ಸೆಗೆ, ಪಿಂಚಣಿಗೆ ಎಂದು ನಾವೇ ಒಂದೊಂದಾಗಿ ಕೊಟ್ಟ ವಿವರಗಳು ಒಂದೇ ಕಡೆ ಕೂಡಿಕೊಳ್ಳುತ್ತಿದ್ದವು. 1970ರಲ್ಲಿ ಪಶ್ಚಿಮ ಜರ್ಮನಿಯ ಹೆಸ್ಸೆ ಪ್ರಾಂತ್ಯ, 1973ರಲ್ಲಿ ಸ್ವೀಡನ್ ಇದಕ್ಕೆಂದೇ ಕಾನೂನು ಮಾಡಿದವು. ಅದೇ 1973ರಲ್ಲಿ ಅಮೆರಿಕದ ಸರ್ಕಾರಿ ಸಲಹಾ ಸಮಿತಿಯೊಂದು ಮುಂದಿಟ್ಟ ಕೆಲವು ಸರಳ ಸೂತ್ರಗಳು ಇಂದಿಗೂ ಎಲ್ಲ ಕಾನೂನುಗಳ ಅಡಿಪಾಯವಾಗಿವೆ. ಗುಟ್ಟಾಗಿ ಯಾವ ದಾಖಲೆ ವ್ಯವಸ್ಥೆಯೂ ಇರಕೂಡದು. ತನ್ನ ಬಗ್ಗೆ ಏನು ದಾಖಲಾಗಿದೆಯೆಂದು ತಿಳಿಯುವ ಮತ್ತು ತಪ್ಪನ್ನು ತಿದ್ದಿಸುವ ದಾರಿ ವ್ಯಕ್ತಿಗೆ ಇರಬೇಕು. ಒಂದು ಉದ್ದೇಶಕ್ಕೆ ಪಡೆದುದನ್ನು ಒಪ್ಪಿಗೆಯಿಲ್ಲದೆ ಇನ್ನೊಂದಕ್ಕೆ ಬಳಸಬಾರದು.

ನನ್ನ ಮಟ್ಟಿಗೆ ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ದಿನ 1983ರ ಡಿಸೆಂಬರ್ 15. ಪಶ್ಚಿಮ ಜರ್ಮನಿಯಲ್ಲಿ ಆ ವರ್ಷ ನಡೆಯಬೇಕಿದ್ದ ಜನಗಣತಿಯ ಉತ್ತರಗಳನ್ನು ಸ್ಥಳೀಯ ನಿವಾಸಿಗಳ ದಾಖಲೆಗಳೊಂದಿಗೆ ಹೋಲಿಸಿ ತಿದ್ದುವ ಅವಕಾಶವನ್ನು ಕಾನೂನು ಕೊಟ್ಟಿತ್ತು. ಜನರು ಅದನ್ನು ವಿರೋಧಿಸಿ ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋದರು. ಎಣಿಕೆಗೆಂದು ಕೇಳಿದ ಮಾಹಿತಿ ಆಡಳಿತದ ಕೈಗೆ ಬೇರೆ ಕೆಲಸಕ್ಕೆ ಸಿಗುವುದನ್ನು ನ್ಯಾಯಾಲಯ ಒಪ್ಪಲಿಲ್ಲ. ತನ್ನ ಕುರಿತ ಮಾಹಿತಿಯ ಬಳಕೆಯನ್ನು ತಾನೇ ನಿರ್ಧರಿಸುವುದು ವ್ಯಕ್ತಿಯ ಮೂಲಭೂತ ಹಕ್ಕೆಂದು ಅದು ಸಾರಿತು. ಯಂತ್ರಗಳ ಮೂಲಕ ಜೋಡಣೆ ಸಾಧ್ಯವಿರುವ ಕಾಲದಲ್ಲಿ ‘ಕ್ಷುಲ್ಲಕ’ ಎನ್ನಬಹುದಾದ ವೈಯಕ್ತಿಕ ಮಾಹಿತಿ ಯಾವುದೂ ಇಲ್ಲವೆಂದೂ ಹೇಳಿತು. ನಿಮ್ಮ ನಿದ್ದೆಯ ಲೆಕ್ಕ ಒಂದು ಆ್ಯಪಿನಲ್ಲಿರುವಾಗ ನಿರುಪದ್ರವಿ. ಅದೇ ಲೆಕ್ಕ ವಿಮೆಯ ದರ ನಿರ್ಧರಿಸುವವರ ಮುಂದೆ ಬಂದಾಗ ಅದರ ಅರ್ಥವೇ ಬೇರೆ. ಮಾಹಿತಿಯ ಸೂಕ್ಷ್ಮತೆ ಅದರೊಳಗೆ ಇರುವುದಕ್ಕಿಂತ ಹೆಚ್ಚಾಗಿ ಅದು ತಲುಪುವ ಜಾಗದಲ್ಲಿರುತ್ತದೆ ಎಂಬುದನ್ನು ಆ ತೀರ್ಪು ನಲವತ್ತು ವರ್ಷಗಳ ಹಿಂದೆಯೇ ಗುರುತಿಸಿತ್ತು.

ವೈಯಕ್ತಿಕ ಮಾಹಿತಿಯೆಂದರೆ ಯಾವುದು ಎಂಬುದನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಸಂಸ್ಥೆಗಳು ಸಾಮಾನ್ಯವಾಗಿ ಹೂಡುವ ಮೊದಲ ವಾದ ‘ನಾವು ಹೆಸರನ್ನು ಕೊಟ್ಟಿಲ್ಲ, ಬರೀ ಅಂಕಿಗಳನ್ನು ಕೊಟ್ಟಿದ್ದೇವೆ’ ಎಂಬುದಾಗಿರುತ್ತದೆ. ಹೆಸರಿಲ್ಲದಿದ್ದರೂ ಆ ಮಾಹಿತಿಯಿಂದ, ಅಥವಾ ಅದನ್ನು ಬೇರೊಂದರ ಜೊತೆ ಸೇರಿಸಿದಾಗ, ವ್ಯಕ್ತಿಯನ್ನು ಗುರುತಿಸಬಹುದಾದರೆ ಅದು ವೈಯಕ್ತಿಕ ಮಾಹಿತಿಯೇ. ಅಮೆರಿಕದ ಗಣಕವಿಜ್ಞಾನಿ ಲಟಾನ್ಯಾ ಸ್ವೀನಿಯವರು 1990ರ ಜನಗಣತಿಯ ಅಂಕಿಗಳನ್ನು ಆಧರಿಸಿ, ಹುಟ್ಟಿದ ದಿನಾಂಕ, ಲಿಂಗ ಮತ್ತು ಅಂಚೆ ಸಂಕೇತ ಈ ಮೂರರಿಂದಲೇ ಆ ದೇಶದ ಶೇ. 87ರಷ್ಟು ಜನರನ್ನು ಒಬ್ಬೊಬ್ಬರನ್ನಾಗಿ ಬೇರ್ಪಡಿಸಬಹುದೆಂದು ಅಂದಾಜಿಸಿದರು. ಆದ್ದರಿಂದ ಯುರೋಪಿನ ಸಾಮಾನ್ಯ ದತ್ತಾಂಶ ಸಂರಕ್ಷಣಾ ನಿಯಮಾವಳಿಯು ಇರುವ ಸ್ಥಳದ ವಿವರವನ್ನೂ, ಅಂತರ್ಜಾಲದಲ್ಲಿ ನಮ್ಮ ಸಾಧನವನ್ನು ಗುರುತಿಸುವ ಸಂಖ್ಯೆಗಳನ್ನೂ ವೈಯಕ್ತಿಕ ಮಾಹಿತಿಯ ವ್ಯಾಖ್ಯೆಯೊಳಗೆ ತಂದಿದೆ. ಮಾರಾಟಗಾರರು ನಿಮಗೆ ನೇರವಾಗಿ ಕರೆ ಮಾಡಿ ನಿಮ್ಮ ಆರೋಗ್ಯದ ಮಾತೆತ್ತುತ್ತಿರುವಾಗ ಈ ವಾದ ನಿಮ್ಮ ವಿಷಯದಲ್ಲಿ ಒಂದು ಗಳಿಗೆಯೂ ನಿಲ್ಲಲಾರದು.

ಇನ್ನು ನಿಮ್ಮನ್ನು ಕಾಡುತ್ತಿರುವ ಒಪ್ಪಿಗೆಯ ವಿಚಾರ. ಕಾನೂನಿನಲ್ಲಿ ಒಪ್ಪಿಗೆಯೆಂಬ ಪದಕ್ಕೆ ಗುಂಡಿ ಒತ್ತುವುದಕ್ಕಿಂತ ಬಹಳ ಹೆಚ್ಚಿನ ಅರ್ಥವಿದೆ. ಅದು ಒತ್ತಾಯವಿಲ್ಲದೆ, ನಿರ್ದಿಷ್ಟ ವಿಷಯಕ್ಕೆ, ವಿವರ ತಿಳಿದ ಮೇಲೆ, ಸಂದಿಗ್ಧಕ್ಕೆ ಎಡೆಯಿಲ್ಲದಂತೆ ಕೊಟ್ಟದ್ದಾಗಿರಬೇಕೆಂದು ಯುರೋಪಿನ ನಿಯಮಾವಳಿಯೂ ಭಾರತದ ಕಾಯ್ದೆಯೂ ಸರಿಸುಮಾರು ಒಂದೇ ಮಾತಿನಲ್ಲಿ ಹೇಳುತ್ತವೆ. ಭಾರತದ ಕಾಯ್ದೆಯು ಅದು ನಿಶ್ಶರ್ತವೂ ಆಗಿರಬೇಕೆಂದು ಸೇರಿಸಿದೆ. ಮೊದಲೇ ಗುರುತು ಹಾಕಿಟ್ಟ ಚೌಕವನ್ನು ಬಳಕೆದಾರ ತೆಗೆಯದೆ ಬಿಟ್ಟರೆ ಅದನ್ನು ಒಪ್ಪಿಗೆಯೆನ್ನಲಾಗದು ಎಂದು ಯುರೋಪಿನ ನ್ಯಾಯಾಲಯ 2019ರ ಅಕ್ಟೋಬರ್‌ನಲ್ಲಿ ತೀರ್ಪಿತ್ತಿತು. ಕೊಟ್ಟ ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದು, ಮತ್ತು ಹಿಂಪಡೆಯುವ ದಾರಿ ಕೊಡುವ ದಾರಿಯಷ್ಟೇ ಸುಲಭವಾಗಿರಬೇಕು. ಒಂದು ಒತ್ತಿನಲ್ಲಿ ಒಪ್ಪಿಗೆ ಪಡೆದು, ಹಿಂಪಡೆಯಲು ಹತ್ತು ಪುಟ ಅಲೆದಾಡಿಸುವ ವ್ಯವಸ್ಥೆ ಕಾನೂನುಬಾಹಿರ.

ಭಾರತದ ಕಾಯ್ದೆಯ 6ನೇ ಕಲಮಿನಲ್ಲಿ ಶಾಸಕಾಂಗವೇ ಕೊಟ್ಟಿರುವ ಒಂದು ದೃಷ್ಟಾಂತ ನಿಮ್ಮ ಪ್ರಶ್ನೆಗೆ ಬಹಳ ಹತ್ತಿರವಾದುದು. ದೂರದಿಂದಲೇ ವೈದ್ಯರ ಸಲಹೆ ಕೊಡಿಸುವ ಆ್ಯಪೊಂದು ಎರಡು ವಿಷಯಗಳಿಗೆ ಒಪ್ಪಿಗೆ ಕೇಳುತ್ತದೆ: ಸಲಹೆಗೆ ಬೇಕಾದ ಮಾಹಿತಿಯನ್ನು ಬಳಸುವುದಕ್ಕೆ ಮತ್ತು ಫೋನಿನಲ್ಲಿರುವ ಸಂಪರ್ಕ ಸಂಖ್ಯೆಗಳನ್ನು ನೋಡುವುದಕ್ಕೆ. ಬಳಕೆದಾರಳು ಎರಡಕ್ಕೂ ಒಪ್ಪುತ್ತಾಳೆ. ಆದರೂ ವೈದ್ಯಕೀಯ ಸಲಹೆಗೆ ಆ ಸಂಖ್ಯೆಗಳ ಅಗತ್ಯವಿಲ್ಲವಾದ್ದರಿಂದ ಆಕೆಯ ಒಪ್ಪಿಗೆ ಮೊದಲನೆಯದಕ್ಕೆ ಮಾತ್ರ ಸೀಮಿತವೆಂದು ಕಾಯ್ದೆ ಹೇಳುತ್ತದೆ. ಇದನ್ನು ಗಮನವಿಟ್ಟು ಓದಬೇಕು. ಆಕೆ ಒಪ್ಪಿಗೆ ಕೊಟ್ಟದ್ದು ನಿಜ, ಒತ್ತಾಯವೂ ಇರಲಿಲ್ಲ. ಅಷ್ಟಾದರೂ ಅಗತ್ಯಕ್ಕೆ ಮೀರಿದ ಒಪ್ಪಿಗೆಗೆ ಬೆಲೆಯಿಲ್ಲ. ಷರತ್ತುಗಳನ್ನು ಓದದೆ ಒಪ್ಪಿದ್ದಕ್ಕಾಗಿ ನೀವು ನಿಮ್ಮನ್ನೇ ದೂಷಿಸಿಕೊಳ್ಳಬೇಕಾಗಿಲ್ಲವೆಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಕಾರಣವೂ ಇದೆ, ಮತ್ತು ಇದನ್ನು ನನ್ನ ಖಚಿತ ಅಭಿಪ್ರಾಯವಾಗಿಯೇ ಬರೆಯುತ್ತಿದ್ದೇನೆ. ಒಪ್ಪಿಗೆಯು ಖಾಸಗಿತನದ ಕಾನೂನಿನ ಅತ್ಯಂತ ದುರ್ಬಲವಾದ ಭಾಗ. ಪುಟಗಟ್ಟಲೆ ಷರತ್ತುಗಳನ್ನು ಓದಿ, ಅರ್ಥೈಸಿಕೊಂಡು, ಮುಂದಿನ ಪರಿಣಾಮವನ್ನು ಊಹಿಸಿ ನಿರ್ಧರಿಸಬೇಕೆಂದು ಜನರಿಂದ ನಿರೀಕ್ಷಿಸುವುದು ನ್ಯಾಯವಲ್ಲ. ಕಾನೂನು ಓದಿದವರೂ ಅವನ್ನು ಓದುವುದು ಅಪರೂಪ. ಒಪ್ಪಿಗೆಯೊಂದನ್ನೇ ನೆಚ್ಚಿದ ಕಾನೂನು ರಕ್ಷಣೆಯ ಭಾರವನ್ನೆಲ್ಲ ಬಲಹೀನರ ಹೆಗಲಿಗೆ ಹೊರಿಸಿದಂತಾಗುತ್ತದೆ. ಯುರೋಪಿನ ನಿಯಮಾವಳಿಯು ಮಾಹಿತಿ ಬಳಸಲು ಆರು ಬಗೆಯ ಕಾನೂನುಬದ್ಧ ಆಧಾರಗಳನ್ನು ಗುರುತಿಸಿದ್ದು, ಒಪ್ಪಿಗೆ ಅವುಗಳಲ್ಲಿ ಒಂದು ಮಾತ್ರ. ಕರಾರನ್ನು ನೆರವೇರಿಸುವುದು, ಕಾನೂನಿನ ಕರ್ತವ್ಯ, ಜೀವರಕ್ಷಣೆ, ಸಾರ್ವಜನಿಕ ಕಾರ್ಯ ಮತ್ತು ನ್ಯಾಯಸಮ್ಮತ ಹಿತಾಸಕ್ತಿ ಉಳಿದವು. ಆಧಾರ ಇವುಗಳಲ್ಲಿ ಯಾವುದೇ ಇರಲಿ, ಅದರ ಆಚೆಗೂ ಕೆಲವು ಕಟ್ಟುಪಾಡುಗಳು ಸಂಸ್ಥೆಯನ್ನು ಹಿಂಬಾಲಿಸುತ್ತವೆ. ನಿಜವಾದ ರಕ್ಷಣೆ ಇರುವುದು ಆ ಕಟ್ಟುಪಾಡುಗಳಲ್ಲಿ.

ಅವುಗಳಲ್ಲಿ ಮೊದಲನೆಯದು ಉದ್ದೇಶದ ಮಿತಿ. ಮಾಹಿತಿ ಪಡೆಯುವಾಗ ಯಾವ ಉದ್ದೇಶ ಹೇಳಲಾಗಿತ್ತೋ ಅದಕ್ಕೆ ಹೊಂದದ ಬಳಕೆ ನಡೆಯಕೂಡದು. ಆರೋಗ್ಯದ ಲೆಕ್ಕ ಇಟ್ಟುಕೊಡುತ್ತೇವೆಂದು ಪಡೆದ ರಕ್ತದೊತ್ತಡದ ಅಂಕಿಗಳನ್ನು ವಿಮೆ ಮಾರುವವರಿಗೆ ಒದಗಿಸುವುದು ಯಾವ ರೀತಿಯಲ್ಲಿ ಎಳೆದು ಅರ್ಥೈಸಿದರೂ ಅದೇ ಉದ್ದೇಶವೆನಿಸದು. ‘ನಮ್ಮ ಸೇವೆಯನ್ನು ಉತ್ತಮಗೊಳಿಸಲು ಪಾಲುದಾರರೊಂದಿಗೆ ಹಂಚಿಕೊಳ್ಳಬಹುದು’ ಎಂಬಂಥ ಹಿಗ್ಗಿಸಬಹುದಾದ ವಾಕ್ಯ ಷರತ್ತುಗಳ ನಡುವೆ ಇದ್ದರೂ, ಅಷ್ಟು ಅಸ್ಪಷ್ಟವಾದ ಮಾತು ನಿರ್ದಿಷ್ಟ ಉದ್ದೇಶವನ್ನು ಹೇಳಿದಂತಾಗುವುದಿಲ್ಲ. ಯುರೋಪಿನಲ್ಲಿ ಆರೋಗ್ಯದ ಮಾಹಿತಿಯು ಜನಾಂಗ, ಧರ್ಮ, ರಾಜಕೀಯ ಅಭಿಪ್ರಾಯ, ಲೈಂಗಿಕ ಜೀವನ ಮುಂತಾದವುಗಳ ಜೊತೆ ವಿಶೇಷ ವರ್ಗಕ್ಕೆ ಸೇರಿದ್ದು, ಅದನ್ನು ಬಳಸುವುದು ಮೂಲತಃ ನಿಷಿದ್ಧ. ಸ್ಪಷ್ಟವಾಗಿ ವ್ಯಕ್ತಪಡಿಸಿದ ಒಪ್ಪಿಗೆಯಂಥ ಕೆಲವೇ ಅಪವಾದಗಳಿವೆ. ಭಾರತದ 2023ರ ಕಾಯ್ದೆ ಇಂಥ ಪ್ರತ್ಯೇಕ ವರ್ಗವನ್ನು ಮಾಡಿಲ್ಲ. ಎಲ್ಲ ಡಿಜಿಟಲ್ ವೈಯಕ್ತಿಕ ಮಾಹಿತಿಯನ್ನೂ ಒಂದೇ ತಕ್ಕಡಿಯಲ್ಲಿಟ್ಟಿದೆ. ಇದೊಂದು ಕೊರತೆಯೆಂದೇ ನಾನು ಭಾವಿಸುತ್ತೇನೆ, ಏಕೆಂದರೆ ರೋಗದ ವಿವರ ಬಯಲಾದಾಗ ಆಗುವ ಹಾನಿಯನ್ನು ಹಣ ಕೊಟ್ಟು ಸರಿಪಡಿಸಲಾಗದು.

ಅಮೆರಿಕದ ಸ್ಥಿತಿ ಇನ್ನೂ ಬೇರೆ. ಅಲ್ಲಿ ಎಲ್ಲಕ್ಕೂ ಅನ್ವಯವಾಗುವ ಒಂದು ರಾಷ್ಟ್ರೀಯ ಕಾನೂನಿಲ್ಲ. 1996ರ ಆರೋಗ್ಯ ಮಾಹಿತಿಯ ಕಾನೂನು ಆಸ್ಪತ್ರೆ, ವೈದ್ಯರು, ವಿಮಾ ಸಂಸ್ಥೆಗಳನ್ನು ಕಟ್ಟಿಹಾಕುತ್ತದೆಯೇ ಹೊರತು, ನೀವು ಬಳಸಿದಂಥ ಆ್ಯಪುಗಳು ಸಾಮಾನ್ಯವಾಗಿ ಅದರ ಹೊರಗುಳಿಯುತ್ತವೆ. ಆ ಬಿರುಕನ್ನು ಗ್ರಾಹಕರ ಹಿತ ಕಾಯುವ ಅಲ್ಲಿನ ಕೇಂದ್ರ ಸರ್ಕಾರದ ವಾಣಿಜ್ಯ ಆಯೋಗವು ಇನ್ನೊಂದು ದಾರಿಯಿಂದ ಮುಚ್ಚಲು ಯತ್ನಿಸಿದೆ: ಗುಟ್ಟಾಗಿಡುತ್ತೇವೆಂದು ಹೇಳಿ ಹಂಚಿಕೊಂಡರೆ ಅದು ಗ್ರಾಹಕರಿಗೆ ಮಾಡಿದ ವಂಚನೆ. ಮಹಿಳೆಯರ ಋತುಚಕ್ರದ ಲೆಕ್ಕ ಇಡುವ ಫ್ಲೋ ಎಂಬ ಆ್ಯಪಿನ ವಿರುದ್ಧ 2021ರಲ್ಲಿ, ರಿಯಾಯಿತಿ ದರದ ಔಷಧಿಗಳ ಗುಡ್‌ಆರ್‌ಎಕ್ಸ್ ಸಂಸ್ಥೆಯ ವಿರುದ್ಧ 2023ರಲ್ಲಿ ಆಯೋಗ ಕೈಗೊಂಡ ಕ್ರಮಗಳೆರಡೂ, ಬಳಕೆದಾರರ ಆರೋಗ್ಯದ ವಿವರಗಳು ಜಾಹೀರಾತು ಮತ್ತು ವಿಶ್ಲೇಷಣೆಯ ಕಂಪನಿಗಳಿಗೆ ಹೋಗಿದ್ದವೆಂಬ ಆರೋಪದವು. ಎರಡನೆಯದರಲ್ಲಿ 15 ಲಕ್ಷ ಡಾಲರ್ ದಂಡವೂ ಬಿತ್ತು. ನಿಮಗಾಗಿರುವುದು ಊಹೆಗೆ ನಿಲುಕದ ವಿಚಿತ್ರವೇನೂ ಅಲ್ಲ ಎಂಬುದನ್ನು ತಿಳಿಸಲು ಇವನ್ನು ಹೇಳಿದೆ.

ಉದ್ದೇಶದ ಮಿತಿಯ ಬೆನ್ನಿಗೇ ಬರುವ ಇನ್ನೆರಡು ಕಟ್ಟುಪಾಡುಗಳನ್ನು ಚಿಕ್ಕದಾಗಿ ಹೇಳಿದರೆ ಸಾಕು: ಬೇಕಾದಷ್ಟನ್ನೇ ಪಡೆಯಬೇಕು, ಬೇಕಾದಷ್ಟು ಕಾಲ ಮಾತ್ರ ಇಟ್ಟುಕೊಳ್ಳಬೇಕು. ಸಂಗ್ರಹಿಸದ ಮಾಹಿತಿ ಸೋರುವುದಿಲ್ಲ, ಅಳಿಸಿದ ಮಾಹಿತಿ ಮಾರಾಟವಾಗುವುದಿಲ್ಲ. ಸಂಸ್ಥೆಯು ತನ್ನ ಕೆಲಸವನ್ನು ಗುತ್ತಿಗೆಗೆ ಕೊಟ್ಟು ‘ತಪ್ಪು ಅವರದು’ ಎಂದು ಜಾರಿಕೊಳ್ಳುವ ಹಾಗೂ ಇಲ್ಲ. ಮಾಹಿತಿಯನ್ನು ಯಾವ ಉದ್ದೇಶಕ್ಕೆ, ಹೇಗೆ ಬಳಸಬೇಕೆಂದು ನಿರ್ಧರಿಸಿದವರೇ ಮೊದಲ ಹೊಣೆಗಾರರು.

ಈಗ ನಿಮ್ಮ ಕೈಯಲ್ಲಿರುವ ಹಕ್ಕುಗಳಿಗೆ ಬರೋಣ. ಇವುಗಳಲ್ಲಿ ಅತ್ಯಂತ ಉಪಯುಕ್ತವಾದುದು, ಆದರೆ ಜನರು ಅತ್ಯಂತ ಕಡಿಮೆ ಬಳಸುವುದು, ತಿಳಿಯುವ ಹಕ್ಕು. ನನ್ನ ಬಗ್ಗೆ ಏನೇನು ಇಟ್ಟುಕೊಂಡಿದ್ದೀರಿ, ಏತಕ್ಕೆ, ಯಾರಿಗೆ ಕೊಟ್ಟಿದ್ದೀರಿ ಎಂದು ಕೇಳಿದರೆ ಸಂಸ್ಥೆ ಉತ್ತರಿಸಲೇಬೇಕು. ಯುರೋಪಿನಲ್ಲಿ ಇದಕ್ಕೆ ಒಂದು ತಿಂಗಳ ಗಡುವಿದ್ದು, ಜಟಿಲವಾದ ಸಂದರ್ಭದಲ್ಲಿ ಇನ್ನೆರಡು ತಿಂಗಳು ವಿಸ್ತರಿಸಬಹುದು. ‘ಯಾರಿಗೆ’ ಎಂಬ ಪ್ರಶ್ನೆಗೆ ‘ನಮ್ಮ ವ್ಯಾಪಾರಿ ಪಾಲುದಾರರಿಗೆ’ ಎಂದು ಹೇಳಿ ಕೈತೊಳೆದುಕೊಳ್ಳುವ ರೂಢಿ ಬಹುಕಾಲ ಇತ್ತು. ಆಸ್ಟ್ರಿಯಾದ ಅಂಚೆ ಸಂಸ್ಥೆಯ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯ 2023ರ ಜನವರಿಯಲ್ಲಿ ಇದಕ್ಕೆ ತೆರೆ ಎಳೆಯಿತು: ಪಡೆದವರನ್ನು ಗುರುತಿಸಲು ಅಸಾಧ್ಯವಾಗಿದ್ದರೆ, ಅಥವಾ ಕೋರಿಕೆ ಸ್ಪಷ್ಟವಾಗಿ ಆಧಾರರಹಿತವೋ ಮಿತಿಮೀರಿದ್ದೋ ಆಗಿದ್ದರೆ ಹೊರತು, ಅವರು ಯಾರೆಂಬುದನ್ನೇ ತಿಳಿಸಬೇಕು. ಭಾರತದ ಕಾಯ್ದೆಯ 11ನೇ ಕಲಮೂ ಮಾಹಿತಿಯನ್ನು ಹಂಚಿಕೊಂಡ ಇತರ ಸಂಸ್ಥೆಗಳ ಗುರುತನ್ನು ಪಡೆಯುವ ಹಕ್ಕನ್ನು ಕೊಡುತ್ತದೆ. ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಈಗ ಸಂಸ್ಥೆಯ ವಿರುದ್ಧ ನಿಮ್ಮಲ್ಲಿರುವುದು ಅನುಮಾನ ಮಾತ್ರ. ಕರೆ ಮಾಡುವವರಿಗೆ ಮಾಹಿತಿ ಈ ಆ್ಯಪಿನಿಂದಲೇ ಹೋಯಿತೆಂಬುದಕ್ಕೆ ಆಧಾರವಿಲ್ಲ, ಪ್ರಯೋಗಾಲಯವೊಂದರಿಂದಲೋ ಬೇರೊಂದು ಜಾಲತಾಣದಿಂದಲೋ ಹೋಗಿರಬಹುದು. ಆ ಅನುಮಾನವನ್ನು ಸಾಕ್ಷ್ಯವನ್ನಾಗಿ ಮಾಡುವ ಸಾಧನವೇ ಈ ಹಕ್ಕು.

ತಪ್ಪನ್ನು ತಿದ್ದಿಸುವ, ಅನಗತ್ಯವಾದುದನ್ನು ಅಳಿಸುವ ಹಕ್ಕುಗಳೂ ಇವೆ. ಅಳಿಸುವ ಹಕ್ಕಿಗೆ ಮಿತಿಗಳಿವೆ. ತೆರಿಗೆಯ ಲೆಕ್ಕ, ನ್ಯಾಯಾಲಯದ ಮೊಕದ್ದಮೆ, ಕಾನೂನು ಇಟ್ಟುಕೊಳ್ಳಲೇಬೇಕೆಂದ ದಾಖಲೆ ಇವು ಅದರಿಂದ ಅಳಿಯವು. ವಾಕ್‌ಸ್ವಾತಂತ್ರ್ಯದೊಂದಿಗೆ ಇದು ಹೇಗೆ ತೂಗುತ್ತದೆಂಬುದಕ್ಕೆ ಯುರೋಪಿನ ನ್ಯಾಯಾಲಯದ 2014ರ ಮೇ 13ರ ತೀರ್ಪು ಒಳ್ಳೆಯ ನಿದರ್ಶನ. ಸ್ಪೇನಿನ ಒಬ್ಬರು ತಮ್ಮ ಆಸ್ತಿಯ ಹರಾಜಿನ ಕುರಿತು 1998ರಲ್ಲಿ ಪತ್ರಿಕೆಯಲ್ಲಿ ಬಂದಿದ್ದ ಪ್ರಕಟಣೆ, ಸಾಲ ತೀರಿ ವರ್ಷಗಳಾದರೂ ಗೂಗಲ್‌ನಲ್ಲಿ ತಮ್ಮ ಹೆಸರು ಹುಡುಕಿದೊಡನೆ ಎದುರಾಗುತ್ತದೆಂದು ದೂರಿದ್ದರು. ಹೆಸರಿನ ಹುಡುಕಾಟದ ಫಲಿತಾಂಶದಿಂದ ಅಂಥ ಕೊಂಡಿಯನ್ನು ತೆಗೆಯುವಂತೆ ಕೇಳಬಹುದೆಂದು ನ್ಯಾಯಾಲಯ ಒಪ್ಪಿತು, ಆದರೆ ಪತ್ರಿಕೆಯ ಹಳೆಯ ಪುಟ ಇದ್ದಲ್ಲೇ ಉಳಿಯಿತು. ಚರಿತ್ರೆಯನ್ನು ಅಳಿಸದೆ ವ್ಯಕ್ತಿಯನ್ನು ಅದರ ಹಿಡಿತದಿಂದ ಸಡಿಲಿಸಿದ ಈ ಸಮತೋಲನ ನನಗೆ ಮೆಚ್ಚುಗೆಯಾದುದು. ಮಾರಾಟದ ಕರೆಗಳ ಮಟ್ಟಿಗೆ ನಿಮ್ಮ ಹಕ್ಕು ಇದಕ್ಕಿಂತಲೂ ಗಟ್ಟಿ. ನೇರ ಮಾರಾಟಕ್ಕೆ ತನ್ನ ಮಾಹಿತಿಯನ್ನು ಬಳಸಬೇಡಿರೆಂದು ವ್ಯಕ್ತಿಯೊಬ್ಬರು ಹೇಳಿದ ಮೇಲೆ ಯುರೋಪಿನಲ್ಲಿ ಯಾವ ಹಿತಾಸಕ್ತಿಯನ್ನು ತೂಗಿ ನೋಡುವ ಪ್ರಶ್ನೆಯೂ ಏಳುವುದಿಲ್ಲ, ಬಳಕೆ ನಿಲ್ಲಲೇಬೇಕು.

ಮಾಹಿತಿಯನ್ನು ಸಂಸ್ಥೆ ಕೊಟ್ಟಿರದೆ, ಅದರಿಂದ ಸೋರಿಕೆಯಾಗಿರುವ ಸಾಧ್ಯತೆಯೂ ಇದೆ. ಆಗಲೂ ಅದು ಮೌನವಾಗಿರುವಂತಿಲ್ಲ. ಯುರೋಪಿನಲ್ಲಿ ಸೋರಿಕೆ ತಿಳಿದ 72 ಗಂಟೆಗಳೊಳಗೆ ಮೇಲ್ವಿಚಾರಣಾ ಪ್ರಾಧಿಕಾರಕ್ಕೂ, ಜನರಿಗೆ ಹೆಚ್ಚಿನ ಅಪಾಯವಿದ್ದರೆ ತಡಮಾಡದೆ ಅವರಿಗೂ ತಿಳಿಸಬೇಕು. ಭಾರತದ ಕಾಯ್ದೆಯಡಿ ದತ್ತಾಂಶ ಸಂರಕ್ಷಣಾ ಮಂಡಳಿಗೂ, ಬಾಧಿತರಾದ ಪ್ರತಿಯೊಬ್ಬರಿಗೂ ತಿಳಿಸುವುದು ಕರ್ತವ್ಯ.

ಇಷ್ಟೆಲ್ಲ ಕಟ್ಟುಪಾಡುಗಳಿದ್ದೂ ಅವುಗಳನ್ನು ಮುರಿದವರಿಗೆ ಆಗುವುದೇನು? ಯುರೋಪಿನಲ್ಲಿ ಗಂಭೀರ ಉಲ್ಲಂಘನೆಗೆ 2 ಕೋಟಿ ಯೂರೊ ಅಥವಾ ಸಂಸ್ಥೆಯ ಜಾಗತಿಕ ವಾರ್ಷಿಕ ವಹಿವಾಟಿನ ಶೇ. 4, ಇವೆರಡರಲ್ಲಿ ಹೆಚ್ಚಿನದರವರೆಗೆ ದಂಡ ವಿಧಿಸಬಹುದು. ಬಳಕೆದಾರರ ಮಾಹಿತಿಯನ್ನು ಅಮೆರಿಕಕ್ಕೆ ಸಾಗಿಸಿದ್ದಕ್ಕಾಗಿ ಐರ್ಲೆಂಡಿನ ಪ್ರಾಧಿಕಾರ 2023ರ ಮೇ ತಿಂಗಳಲ್ಲಿ ಮೆಟಾ ಸಂಸ್ಥೆಗೆ 120 ಕೋಟಿ ಯೂರೊ ದಂಡ ಹಾಕಿತು. ಭಾರತದ ಕಾಯ್ದೆಯಲ್ಲಿ ತಕ್ಕ ಭದ್ರತಾ ಕ್ರಮಗಳನ್ನು ಕೈಗೊಳ್ಳದಿದ್ದುದಕ್ಕೆ 250 ಕೋಟಿ ರೂಪಾಯಿವರೆಗೆ, ಸೋರಿಕೆಯನ್ನು ತಿಳಿಸದಿದ್ದುದಕ್ಕೆ 200 ಕೋಟಿ ರೂಪಾಯಿವರೆಗೆ ದಂಡವಿದೆ. ಆದರೆ ದಂಡದ ಮೊತ್ತ ಎಷ್ಟೇ ದೊಡ್ಡದಾದರೂ ನೊಂದವರಿಗೆ ಅದರಿಂದ ಏನು ಸಿಗುತ್ತದೆಂಬುದನ್ನೂ ಕೇಳಬೇಕು. ಯುರೋಪಿನಲ್ಲಿ ಹಣದ ನಷ್ಟಕ್ಕೆ ಮಾತ್ರವಲ್ಲದೆ ಮನಸ್ಸಿಗಾದ ಹಾನಿಗೂ ನ್ಯಾಯಾಲಯದಲ್ಲಿ ಪರಿಹಾರ ಕೇಳಬಹುದು. ಅಮೆರಿಕದ ಇಲಿನಾಯ್ ರಾಜ್ಯವು ಬೆರಳಚ್ಚು, ಮುಖಚಹರೆಗಳ ರಕ್ಷಣೆಗೆ 2008ರಲ್ಲಿ ಮಾಡಿದ ಕಾನೂನು ವ್ಯಕ್ತಿಗೆ ನೇರವಾಗಿ ದಾವೆ ಹೂಡುವ ಹಕ್ಕು ಕೊಟ್ಟದ್ದರಿಂದಲೇ ಅಷ್ಟು ಪರಿಣಾಮಕಾರಿಯಾಯಿತು. ಭಾರತದಲ್ಲಿ ದಂಡದ ಹಣ ಸರ್ಕಾರದ ಸಂಚಿತ ನಿಧಿಗೆ ಸೇರುತ್ತದೆ. ಅಷ್ಟೇ ಅಲ್ಲ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮಿನಡಿ ಪರಿಹಾರ ಕೇಳಲು ಇದ್ದ ದಾರಿಯನ್ನು ಹೊಸ ಕಾಯ್ದೆ ಪೂರ್ಣವಾಗಿ ಜಾರಿಗೆ ಬಂದಾಗ ಮುಚ್ಚುತ್ತದೆ. ನೊಂದವರನ್ನು ಬರೀ ದೂರುದಾರರನ್ನಾಗಿ ನಿಲ್ಲಿಸುವ ಈ ಏರ್ಪಾಡು ತಪ್ಪೆಂದು ನನ್ನ ದೃಢವಾದ ಅಭಿಪ್ರಾಯ. ತಿದ್ದುಪಡಿ ಬೇಕಾಗಿರುವುದು ಮೊದಲು ಇಲ್ಲಿಯೇ.

ನಿಮ್ಮ ಪ್ರಶ್ನೆ ಖಾಸಗಿ ಸಂಸ್ಥೆಯ ಕುರಿತಾದರೂ ಸರ್ಕಾರದ ಮಾತನ್ನು ಬಿಟ್ಟರೆ ಉತ್ತರ ಅಪೂರ್ಣವಾದೀತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ, ಭಾರತದ ಸಂವಿಧಾನದಲ್ಲಿ ಖಾಸಗಿತನದ ಹಕ್ಕೇ ಇಲ್ಲವೆಂದು ಸರ್ಕಾರ ಮುಂದೆ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಆ ವಾದವನ್ನು ತಳ್ಳಿಹಾಕಿ, ಖಾಸಗಿತನವು ಮೂಲಭೂತ ಹಕ್ಕೆಂದು ಘೋಷಿಸಿತು. ಸರ್ಕಾರ ಅದನ್ನು ಮೊಟಕುಗೊಳಿಸಬೇಕಾದರೆ ಅದಕ್ಕೊಂದು ಕಾನೂನಿರಬೇಕು, ನ್ಯಾಯಸಮ್ಮತ ಉದ್ದೇಶವಿರಬೇಕು, ಕ್ರಮವು ಆ ಉದ್ದೇಶದ ಅಗತ್ಯಕ್ಕೆ ತಕ್ಕಷ್ಟೇ ಇರಬೇಕು. ಈ ಅಳತೆಗೋಲನ್ನು ಮುಂದಿಟ್ಟು ನೋಡಿದರೆ, 2023ರ ಕಾಯ್ದೆಯ 17ನೇ ಕಲಮು ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳಿಗಾಗಿ ತಾನು ಸೂಚಿಸಿದ ಸರ್ಕಾರಿ ಅಂಗಗಳಿಗೆ ಇಡೀ ಕಾಯ್ದೆಯಿಂದಲೇ ವಿನಾಯಿತಿ ಕೊಡಲು ಕೇಂದ್ರ ಸರ್ಕಾರಕ್ಕೆ ಅವಕಾಶ ಮಾಡಿಕೊಟ್ಟಿರುವುದು ಅಗತ್ಯಕ್ಕಿಂತ ಬಹಳ ಅಗಲವಾದ ಬಾಗಿಲು. ಅತಿ ಹೆಚ್ಚು ಮಾಹಿತಿ ಹೊಂದಿರುವವರನ್ನೇ ಕಾನೂನಿನ ಹೊರಗಿಡುವುದಕ್ಕೆ ಬಲವಾದ ಕಾರಣ ಬೇಕು, ಮತ್ತು ಆ ಕಾರಣವನ್ನು ಪ್ರತಿ ಸಲವೂ ಪರೀಕ್ಷಿಸುವ ಸ್ವತಂತ್ರ ಕಣ್ಣೊಂದು ಬೇಕು.

ಈ ಕಾನೂನು ಮುಟ್ಟದ ಜಾಗಗಳೂ ಇವೆ. ಮನೆಮಂದಿಯ, ಸ್ನೇಹಿತರ ನಡುವಿನ ಸ್ವಂತ ಬಳಕೆಗೆ ಇದು ಅನ್ವಯಿಸದು. ಭಾರತದ ಕಾಯ್ದೆಯು ವ್ಯಕ್ತಿ ತಾನೇ ಸಾರ್ವಜನಿಕವಾಗಿ ಪ್ರಕಟಿಸಿದ ಮಾಹಿತಿಯನ್ನು ಹೊರಗಿಟ್ಟಿದೆ, ಆದ್ದರಿಂದ ನಿಮ್ಮ ತೂಕ ಇಳಿದ ಸಂಗತಿಯನ್ನು ಎಲ್ಲರಿಗೂ ಕಾಣುವಂತೆ ಬರೆದುಕೊಂಡಿದ್ದರೆ ಅದರ ಮಟ್ಟಿಗೆ ದೂರು ನಿಲ್ಲುವುದು ಕಷ್ಟ. ಆ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಸಂಸ್ಥೆಗಳ ಮುಖ್ಯ ಕರ್ತವ್ಯಗಳು ಅಲ್ಲಿಂದ 18 ತಿಂಗಳ ಬಳಿಕ ಜಾರಿಗೆ ಬರುವಂತೆ ಹಂತಗಳನ್ನು ಗೊತ್ತುಪಡಿಸಲಾಗಿದೆ. ನೀವು ಭಾರತದಲ್ಲಿದ್ದರೆ ಈ ದಿನಾಂಕಗಳು ನಿಮಗೆ ಮುಖ್ಯ.

ನೀವು ಮಾಡಬೇಕಾದುದನ್ನು ನಾನು ಹೇಳುವ ಕ್ರಮದಲ್ಲೇ ಮಾಡಿರಿ. ಕರೆಗಳು ಬಂದ ದಿನಾಂಕ, ಸಮಯ, ಸಂಖ್ಯೆ, ಅವರು ಆಡಿದ ಮಾತು ಇವನ್ನು ಬರೆದಿಟ್ಟುಕೊಳ್ಳಿರಿ. ಮುಂದಿನ ಕರೆಯಲ್ಲಿ ನನ್ನ ವಿವರ ನಿಮಗೆ ಎಲ್ಲಿಂದ ಬಂತೆಂದು ಕೇಳಿ ಉತ್ತರವನ್ನೂ ಗುರುತು ಹಾಕಿಕೊಳ್ಳಿರಿ. ಆ್ಯಪನ್ನು ಆತುರದಿಂದ ಫೋನಿನಿಂದ ತೆಗೆದುಹಾಕಬೇಡಿರಿ, ಖಾತೆಯನ್ನೂ ಅಳಿಸಬೇಡಿರಿ. ಒಪ್ಪಿಗೆಯ ಪುಟ, ಷರತ್ತುಗಳು, ನಿಮ್ಮ ಖಾತೆಯ ವಿವರ ಇವುಗಳ ಪ್ರತಿ ಮೊದಲು ನಿಮ್ಮ ಬಳಿ ಇರಲಿ. ಬಳಿಕ ಆ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಅಥವಾ ದತ್ತಾಂಶ ಸಂರಕ್ಷಣಾ ಅಧಿಕಾರಿಗೆ ಪತ್ರ ಬರೆಯಿರಿ. ಅವರ ವಿಳಾಸ ಷರತ್ತುಗಳ ಪುಟದಲ್ಲಿ ಇರಲೇಬೇಕು. ಕೋಪವನ್ನು ತೋಡಿಕೊಳ್ಳುವುದಕ್ಕಿಂತ ಚಿಕ್ಕದಾಗಿ, ಪ್ರಶ್ನೆಗಳ ರೂಪದಲ್ಲಿ ಬರೆದ ಪತ್ರ ಹೆಚ್ಚು ಕೆಲಸ ಮಾಡುತ್ತದೆ. ಪತ್ರದ ಒಕ್ಕಣೆ ಹೀಗಿದ್ದರೆ ಸಾಕು:

‘ನನ್ನ ಬಗ್ಗೆ ನೀವು ಹೊಂದಿರುವ ಎಲ್ಲ ವೈಯಕ್ತಿಕ ಮಾಹಿತಿಯ ಪ್ರತಿಯನ್ನು ಕೊಡಿರಿ. ಪ್ರತಿಯೊಂದನ್ನೂ ಯಾವ ಉದ್ದೇಶಕ್ಕೆ, ಯಾವ ಕಾನೂನುಬದ್ಧ ಆಧಾರದ ಮೇಲೆ ಬಳಸಿದ್ದೀರೆಂದು ತಿಳಿಸಿರಿ. ಅದನ್ನು ಪಡೆದ ಪ್ರತಿಯೊಂದು ಸಂಸ್ಥೆಯ ಹೆಸರನ್ನೂ, ಕೊಟ್ಟ ದಿನಾಂಕವನ್ನೂ ತಿಳಿಸಿರಿ. ನನ್ನ ಆರೋಗ್ಯದ ಮಾಹಿತಿಯನ್ನು ಇತರರೊಂದಿಗೆ ಹಂಚಿಕೊಳ್ಳಲು ಹಾಗೂ ಮಾರಾಟದ ಕರೆಗಳಿಗೆ ಬಳಸಲು ನಾನು ಒಪ್ಪಿಗೆ ಕೊಟ್ಟಿದ್ದೇನೆಂದು ನೀವು ಭಾವಿಸಿದ್ದರೆ, ಅದನ್ನು ಈ ಪತ್ರದ ಮೂಲಕ ಹಿಂಪಡೆದಿದ್ದೇನೆ.’

ಅಳಿಸಿರೆಂಬ ಕೋರಿಕೆಯನ್ನು ಈ ಪತ್ರದಲ್ಲಿ ಸೇರಿಸಬೇಡಿರಿ. ಮೊದಲು ಅಳಿಸಲು ಹೇಳಿದರೆ ಯಾರಿಗೆ ಏನು ಹೋಯಿತೆಂಬ ಸಾಕ್ಷ್ಯವೂ ಅದರೊಂದಿಗೇ ಅಳಿಸಿಹೋಗುವ ಅಪಾಯವಿದೆ. ಉತ್ತರ ಕೈಸೇರಿದ ಮೇಲೆ, ಅಥವಾ ಗಡುವು ಮುಗಿದರೂ ಉತ್ತರ ಬಾರದಿದ್ದಾಗ ನಿಮ್ಮ ದೇಶದ ಪ್ರಾಧಿಕಾರಕ್ಕೆ ದೂರು ಸಲ್ಲಿಸಿದ ಮೇಲೆ, ಅಳಿಸುವ ಕೋರಿಕೆಯನ್ನು ಪ್ರತ್ಯೇಕವಾಗಿ ಕಳುಹಿಸಿರಿ. ಪತ್ರದಲ್ಲಿ ನಿಮ್ಮ ಗುರುತನ್ನು ಖಚಿತಪಡಿಸಲು ಖಾತೆಗೆ ಕೊಟ್ಟಿದ್ದ ಮಿಂಚಂಚೆಯಿಂದಲೇ ಬರೆಯಿರಿ. ಅದಕ್ಕಿಂತ ಹೆಚ್ಚಿನ ಗುರುತಿನ ಚೀಟಿಗಳನ್ನು ಅವರು ಕೇಳಿದರೆ, ಅವು ಏಕೆ ಬೇಕೆಂದು ಮೊದಲು ಕೇಳಿ ತಿಳಿದುಕೊಂಡು ಆಮೇಲೆ ಕೊಡಿರಿ.